ಗಡಿ ಸೈನಿಕನ ಸಮಾಧಿ ಹುಡುಕುವವರಿಗೆ ಸಿಡಬ್ಲ್ಯೂಜಿಸಿ ಜಾಲತಾಣ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ

ಬ್ರಿಟಿಷ್ ಕಾಲದ ವಾಯವ್ಯ ಗಡಿಯ ಪದಕಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಅಂಚಿನ ಸುತ್ತ ಸೈನಿಕನ ನಂಬರು, ದರ್ಜೆ, ಹೆಸರು, ಪಲ್ಟನ್ನು ಇಷ್ಟೂ ಇರುತ್ತದೆ. ಖೈಬರ್, ತೀರಾ, ವಜೀರಿಸ್ತಾನದ ಕಣಿವೆಗಳಲ್ಲಿ ದುಡಿದ ಒಬ್ಬ ಮನುಷ್ಯನ ಗುರುತು ಎಷ್ಟೋ ಸಲ ಆ ಒಂದು ಸಾಲಿನಲ್ಲಿ ಮಾತ್ರ ಉಳಿದಿರುತ್ತದೆ. ಅದನ್ನು ಹಿಡಿದು ಅವನು ಎಲ್ಲಿ ತೀರಿಕೊಂಡ, ಎಲ್ಲಿ ಮಣ್ಣಾದ ಎಂದು ಹುಡುಕಲು ಹೊರಟವರು ಮೊದಲು ತಟ್ಟುವ ಬಾಗಿಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, ಚಿಕ್ಕದಾಗಿ ಸಿಡಬ್ಲ್ಯೂಜಿಸಿ. ಮಹಾಯುದ್ಧಗಳಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಸಂಸ್ಥೆ ಇದು. ಗಡಿಯ ಸ್ಮಶಾನಗಳು ಇರುವುದು ಪೇಶಾವರ, ಕೋಹಾಟ್, ಬನ್ನು, ಲಂಡಿ ಕೋತಲ್ ಕಡೆ. ಅವೆಲ್ಲ ಈಗ ಪಾಕಿಸ್ತಾನದಲ್ಲಿವೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರಟು ನೋಡಿ ಬರುವುದು ಸುಲಭದ ಮಾತಲ್ಲ. ಹಾಗಾಗಿ ಇಲ್ಲಿರುವ ಸಂಗ್ರಾಹಕರಿಗೆ ಈ ಜಾಲತಾಣವೇ ಸ್ಮಶಾನದ ಗೇಟು.

ಸಂಸ್ಥೆ ಹುಟ್ಟಿದ್ದು 1917ರ ಮೇ 21ರಂದು, ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಹೆಸರಿನಲ್ಲಿ. ಹೆಸರು ಬದಲಾದದ್ದು 1960ರಲ್ಲಿ. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ದಾಖಲೆ ಇಲ್ಲಿದೆ, ಹುಡುಕಲು ಕಾಸು ಕೊಡಬೇಕಿಲ್ಲ. ಕಾಸಿಲ್ಲದೆ ಇಷ್ಟು ಕೊಡುವ ಇನ್ನೊಂದು ಕಡೆ ಈ ವಿಷಯದಲ್ಲಿ ಇಲ್ಲ. ಆದರೆ ಗಡಿಯ ಸೈನಿಕರನ್ನು ಹುಡುಕುವವರು ಒಂದು ಸಂಗತಿಯನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಬೇಕು. ಈ ಬಾಗಿಲು ತೆರೆದುಕೊಳ್ಳುವುದು ಹೆಸರು ಹೇಳಿದರಲ್ಲ, ದಿನಾಂಕ ಹೊಂದಿದರೆ.

ಸಂಸ್ಥೆಯ ಹೊಣೆ ಎರಡೇ ಅವಧಿಗೆ ಸೀಮಿತ: 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ. ಗಡಿಯಲ್ಲಿ ಗುಂಡಿನ ಸದ್ದು ಅದಕ್ಕೂ ಮುಂಚೆ ಇತ್ತು, ನಡುವೆಯೂ ಇತ್ತು. ಇದರ ಪರಿಣಾಮ ಎಷ್ಟು ಗಟ್ಟಿ ಎಂದು ತಿಳಿಯಲು ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ನಾಲ್ಕು ವೀರರನ್ನು ಒಟ್ಟಿಗಿಟ್ಟು ನೋಡಿದರೆ ಸಾಕು. ಹೆಕ್ಟರ್ ಮೆಕ್‌ಲೀನ್ 1897ರ ಆಗಸ್ಟ್ 17ರಂದು ಸ್ವಾತ್ ಕಣಿವೆಯಲ್ಲಿ ಸತ್ತರು. ಹೆನ್ರಿ ಜಾನ್ ಆಂಡ್ರ್ಯೂಸ್ 1919ರ ಅಕ್ಟೋಬರ್ 22ರಂದು ವಜೀರಿಸ್ತಾನದ ಖಜೂರಿ ಠಾಣೆಯ ಬಳಿ, ಗಾಯಾಳುಗಳನ್ನು ಗಾಡಿಗೆ ಹತ್ತಿಸುತ್ತಿದ್ದಾಗ ಗುಂಡಿಗೆ ಬಲಿಯಾದ ವೈದ್ಯರು. ವಿಲಿಯಂ ಡೇವಿಡ್ ಕೆನಿ 1920ರ ಜನವರಿ 2ರಂದು ಕೋಟ್ ಕೈ ಹತ್ತಿರ ಬಿದ್ದರು. ಗಾಡ್‌ಫ್ರೇ ಮೇನೆಲ್ ತೀರಿಕೊಂಡದ್ದು 1935ರ ಸೆಪ್ಟೆಂಬರ್ 29ರಂದು, ಮೊಹ್ಮಂದ್ ಪ್ರದೇಶದಲ್ಲಿ. ನಾಲ್ವರದೂ ಒಂದೇ ಗಡಿ, ಒಂದೇ ಪದಕ. ಸಿಡಬ್ಲ್ಯೂಜಿಸಿ ಪಟ್ಟಿಗೆ ಸೇರುವವರು ನಡುವಿನ ಇಬ್ಬರು ಮಾತ್ರ. ಮೆಕ್‌ಲೀನ್ ಮತ್ತು ಮೇನೆಲ್ ಇಬ್ಬರೂ ಮರ್ದಾನಿನಲ್ಲಿ ಗೈಡ್ಸ್ ಪಲ್ಟನ್ನಿನ ಸ್ಮಶಾನದಲ್ಲಿ ಮಲಗಿದ್ದಾರೆ, ಸಂಸ್ಥೆಯ ಲೆಕ್ಕಕ್ಕೆ ಇಬ್ಬರೂ ಹೊರಗಿನವರು. ವಿಕ್ಟೋರಿಯಾ ಕ್ರಾಸ್ ಪಡೆದವರ ಗತಿಯೇ ಹೀಗಿದ್ದ ಮೇಲೆ ಸಾದಾ ಸಿಪಾಯಿಯ ಹೆಸರು ಸಿಗಲಿಲ್ಲವೆಂದು ಪದಕವನ್ನು ನಕಲಿ ಎನ್ನುವುದು ದೊಡ್ಡ ಅನ್ಯಾಯ. 1897ರ ಸೆಪ್ಟೆಂಬರ್ 12ರಂದು ಸಾರಾಗಢಿಯಲ್ಲಿ ಮಡಿದ 36ನೇ ಸಿಖ್ ಪಲ್ಟನ್ನಿನ 21 ಜನರೂ ಈ ಪಟ್ಟಿಯಲ್ಲಿಲ್ಲ.

ಆದ್ದರಿಂದ ಕಂಪ್ಯೂಟರ್ ಮುಂದೆ ಕೂರುವ ಮೊದಲು ಪದಕದ ಕ್ಲಾಸ್ಪ್ ಓದಬೇಕು. ರಿಬ್ಬನ್ನಿನ ಮೇಲೆ ಅಡ್ಡಡ್ಡ ಕೂರುವ ಬೆಳ್ಳಿ ಪಟ್ಟಿ ಅದು, ಯಾವ ಕಾರ್ಯಾಚರಣೆ ಎಂದು ಹೇಳುವುದು ಅದೇ. ಹಿಂಬದಿಯಲ್ಲಿ 'ಇಂಡಿಯಾ 1895' ಎಂದಿದ್ದು, ಇಬ್ಬರು ಸೈನಿಕರು ಬಾವುಟ ಹಿಡಿದು ನಿಂತಿದ್ದರೆ ಅದು ಇಂಡಿಯಾ ಮೆಡಲ್. ಅದರ ಕ್ಲಾಸ್ಪ್‌ಗಳು ಚಿತ್ರಾಲ್, ಮಲಕಂಡ್, ಸಮಾನಾ, ತೀರಾ, ಪಂಜಾಬ್ ಫ್ರಾಂಟಿಯರ್ ಇವುಗಳಿಂದ ಹಿಡಿದು 1901-02ರ ವಜೀರಿಸ್ತಾನದವರೆಗೆ. ಇವುಗಳಲ್ಲಿ ಯಾವುದಕ್ಕೂ ಸಿಡಬ್ಲ್ಯೂಜಿಸಿಯಿಂದ ಪ್ರಯೋಜನವಿಲ್ಲ. ಪದಕ ಪಡೆದವನು 1914ರ ನಂತರವೂ ಸೇವೆಯಲ್ಲಿದ್ದು ಸತ್ತಿದ್ದರೆ ಮಾತ್ರ ಆ ಮಾತು ಬೇರೆ.

ಹಿಂಬದಿಯಲ್ಲಿ ಜಮ್ರೂದ್ ಕೋಟೆ, ಅದರಾಚೆ ಬೆಟ್ಟ ಇದ್ದರೆ ಅದು 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್. ಹಸಿರು ರಿಬ್ಬನ್, ನಡುವೆ ಅಗಲವಾದ ನೀಲಿ ಪಟ್ಟೆ. ಇದಕ್ಕೆ ಒಟ್ಟು 12 ಕ್ಲಾಸ್ಪ್‌ಗಳು. ನಮ್ಮ ಕೆಲಸಕ್ಕೆ ಬರುವುದು ಮೂರು: ಅಫ್ಘಾನಿಸ್ತಾನ್ ಎನ್‌ಡಬ್ಲ್ಯೂಎಫ್ 1919 (ಮೇ 6ರಿಂದ ಆಗಸ್ಟ್ 8), ಮಹ್ಸೂದ್ 1919-20, ವಜೀರಿಸ್ತಾನ್ 1919-21. ಈ ಮೂರರ ಅವಧಿಯಲ್ಲಿ ಸತ್ತವರು ಪೂರ್ತಿ ಸಿಡಬ್ಲ್ಯೂಜಿಸಿ ದಿನಾಂಕದೊಳಗೆ ಬರುತ್ತಾರೆ. ವಜೀರಿಸ್ತಾನ್ 1921-24 ಎಂಬ ಕ್ಲಾಸ್ಪ್ ನೋಡಲು ಮೂರನೆಯದರ ತಮ್ಮನಂತಿದೆ, ಬಹಳ ಜನ ಎಡವುವುದು ಇಲ್ಲೇ. ಅದರ ಲೆಕ್ಕ ಶುರುವಾಗುವುದು 1921ರ ಡಿಸೆಂಬರ್ 21ರಿಂದ. ಬಾಗಿಲು ಮುಚ್ಚಿ ಆಗಲೇ ಮೂರೂವರೆ ತಿಂಗಳಿಗೂ ಹೆಚ್ಚು ಆಗಿರುತ್ತದೆ. ಆ ಪದಕದವನು ಆ ಕಾರ್ಯಾಚರಣೆಯಲ್ಲಿ ಸತ್ತಿದ್ದರೆ ಇಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. 1930-31ರ, 1933ರ, 1935ರ ಕ್ಲಾಸ್ಪ್‌ಗಳಿಗೂ ಇದೇ ಮಾತು.

ದಿನಾಂಕ ಹೊಂದಿತು ಎಂದಿಟ್ಟುಕೊಳ್ಳಿ. ಇನ್ನು ಹುಡುಕುವ ಕ್ರಮ. ಮುಖಪುಟದ ಸರಳ ಹುಡುಕಾಟದಲ್ಲಿ ಹೆಸರು ಹಾಕಿ ಕೂತರೆ ಸಾವಿರ ಸಿಂಗ್, ಸಾವಿರ ಖಾನ್ ಬರುತ್ತಾರೆ. ನೇರ ಅಡ್ವಾನ್ಸ್‌ಡ್ ಸರ್ಚ್‌ಗೆ ಹೋಗಿ. ಮೊದಲು ಸೇನೆಯನ್ನು ಇಂಡಿಯನ್ ಎಂದು ಆರಿಸಿ, ಆಮೇಲೆ ಮರಣ ದಿನಾಂಕದ ಎರಡು ಖಾನೆಗಳಲ್ಲಿ ಕ್ಲಾಸ್ಪ್‌ನ ಅವಧಿ ಹಾಕಿ, ಕೊನೆಗೆ ಸರ್ವಿಸ್ ನಂಬರು ಮತ್ತು ಪಲ್ಟನ್ನು. ಹೆಸರನ್ನು ಖಾಲಿ ಬಿಡಿ. ನಂಬರು ಮತ್ತು ಪಲ್ಟನ್ನು ಎರಡೂ ಕೂಡಿದರೆ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಜನ ಉಳಿಯುತ್ತಾರೆ. ಬರೀ ನಂಬರು ನಂಬಬಾರದು. ಆಗಿನ ನಂಬರುಗಳು ಆಯಾ ಪಲ್ಟನ್ನಿನವು, ಒಂದೇ ನಂಬರು ಹತ್ತು ಕಡೆ ಇರುತ್ತದೆ.

ಹೆಸರಿನಿಂದಲೇ ಹುಡುಕಬೇಕಾದಾಗ ಕಷ್ಟ ಕಾಗುಣಿತದ್ದು. ಉರ್ದು, ಗುರುಮುಖಿ, ತಮಿಳು, ಕನ್ನಡ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡ ಗುಮಾಸ್ತನ ಇಂಗ್ಲಿಷ್ ಅದು. ಪದಕದಲ್ಲಿ 'ರಾಮಸಾಮಿ' ಎಂದಿದ್ದವನು ಪಟ್ಟಿಯಲ್ಲಿ 'ರಾಮಸ್ವಾಮಿ' ಆಗಿರಬಹುದು. ಮದ್ರಾಸ್ ಪ್ರೆಸಿಡೆನ್ಸಿಯ ಹಳೆಯ ಬರವಣಿಗೆಯಲ್ಲಿ 'ಸ್ವಾಮಿ' ಎಂಬುದಕ್ಕೆ ಏನಿಲ್ಲವೆಂದರೂ ನಾಲ್ಕು ರೂಪಗಳಿವೆ. ಮೊದಲ ಮೂರು ನಾಲ್ಕು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹಾಕಿ ಉಳಿದದ್ದನ್ನು ಬಿಟ್ಟರೆ ಕೆಲಸ ಸುಲಭ. ಒಂದೇ ಹೆಸರಿನವರನ್ನು ಸರ್‌ನೇಮ್ ಖಾನೆಯಲ್ಲಿ ಹುಡುಕಿ. ಸಿಂಗ್, ಖಾನ್, ಷಾ ಇರುವವರು ಕೆಲವೊಮ್ಮೆ ಪೂರ್ಣ ಹೆಸರಿನಲ್ಲೇ ಸರ್‌ನೇಮ್ ಖಾನೆಯಲ್ಲಿದ್ದಾರೆ, ಕೆಲವೊಮ್ಮೆ ಎರಡು ಖಾನೆಗೆ ಒಡೆದುಹೋಗಿದ್ದಾರೆ. ಎರಡೂ ರೀತಿ ನೋಡದೆ ಇಲ್ಲವೆಂದು ಕೈಚೆಲ್ಲಬೇಡಿ.

ಈ ಜಾಲತಾಣದಲ್ಲಿ ನಮಗೆ ಅತ್ಯಂತ ಇಷ್ಟವಾಗುವುದು ಹೆಚ್ಚುವರಿ ಮಾಹಿತಿ ಎಂಬ ಖಾನೆ. ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಇರುವುದು ಇದರಲ್ಲಿ. ಇಲ್ಲಿ ಮೈಸೂರು, ಬೆಂಗಳೂರು, ಕೋಲಾರ, ಬಳ್ಳಾರಿ, ಧಾರವಾಡ ಎಂಬ ಊರುಗಳನ್ನು ಆಗಿನ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ಹುಡುಕಬಹುದು. ಪದಕವಿಲ್ಲದೆಯೂ ತಮ್ಮ ಜಿಲ್ಲೆಯಿಂದ ಹೋದವರ ಪಟ್ಟಿ ಕಟ್ಟಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಂದ ಫಲಿತಾಂಶವನ್ನು ಪಟ್ಟಿಯಾಗಿ ಇಳಿಸಿಕೊಳ್ಳಬಹುದು. ಎಕ್ಸೆಲ್‌ನಲ್ಲಿ ತೆರೆದು ಮರಣ ದಿನಾಂಕದ ಪ್ರಕಾರ ಜೋಡಿಸಿದರೆ ಒಂದೇ ದಿನ ಒಂದೇ ಪಲ್ಟನ್ನಿನ ಎಷ್ಟು ಜನ ಹೋದರು ಎಂದು ಕಣ್ಣಿಗೆ ರಾಚುತ್ತದೆ. ಯಾವ ದಿನ ಯಾವ ಕಾಳಗ ಎಂದು ಗೊತ್ತಾಗುವುದು ಹೀಗೇ.

ಪಲ್ಟನ್ನಿನ ಹೆಸರು ಇನ್ನೊಂದು ಗೋಜಲು. 1903ರಲ್ಲಿ ಆಗಿನ ದಂಡನಾಯಕ ಕಿಚನರ್ ಇಡೀ ಭಾರತೀಯ ಸೇನೆಗೆ ಹೊಸ ನಂಬರು ಹಾಕಿಸಿದ. ಮದ್ರಾಸಿನ ಪಲ್ಟನ್ನುಗಳಿಗೆ ಹಳೆಯ ನಂಬರಿಗೆ 60 ಕೂಡಿಸಿಕೊಳ್ಳಿ. ತೀರಾಕ್ಕೆ ಹೋದ 21ನೇ ಮದ್ರಾಸ್ ಪಯನೀರ್ಸ್ 81ನೇ ಪಯನೀರ್ಸ್ ಆದದ್ದು ಹೀಗೆ. 1922ರಲ್ಲಿ ಮತ್ತೆ ಎಲ್ಲ ಬದಲಾಯಿತು. ಸಾರಾಗಢಿಯ 36ನೇ ಸಿಖ್ ಪಲ್ಟನ್ನು 11ನೇ ಸಿಖ್ ರೆಜಿಮೆಂಟಿನ 4ನೇ ಬೆಟಾಲಿಯನ್ ಆಯಿತು. ಮದ್ರಾಸ್ ಪಯನೀರ್ಸ್ 1933ರಲ್ಲಿ ವಿಸರ್ಜನೆಯೇ ಆಯಿತು. ಸಿಡಬ್ಲ್ಯೂಜಿಸಿಯಲ್ಲಿ ಇರುವುದು ಸತ್ತ ದಿನದ ಹೆಸರು. ಪದಕದ ಅಂಚಿನಲ್ಲಿ 1897ರ ಹೆಸರಿದ್ದು ಆತ 1915ರಲ್ಲಿ ಸತ್ತಿದ್ದರೆ ಹೊಸ ನಂಬರಿನಲ್ಲಿ ಹುಡುಕಬೇಕು.

ದಾಖಲೆ ಸಿಕ್ಕಿತು, 'ದೆಹಲಿ ಮೆಮೋರಿಯಲ್ (ಇಂಡಿಯಾ ಗೇಟ್), ಫೇಸ್' ಎಂದು ಒಂದು ಸಂಖ್ಯೆ ಬಂತು. ಇದು ಸಮಾಧಿಯಲ್ಲ. ಇಂಡಿಯಾ ಗೇಟಿನ ಕಲ್ಲಿನಲ್ಲಿ ಕೊರೆದ ಹೆಸರಿನ ಜಾಗ. ವಾಸ್ತುಶಿಲ್ಪಿ ಲುಟ್ಯೆನ್ಸ್ ವಿನ್ಯಾಸದ ಈ ಸ್ಮಾರಕಕ್ಕೆ 1921ರ ಫೆಬ್ರವರಿ 10ರಂದು ಅಡಿಗಲ್ಲು ಬಿತ್ತು, 1931ರ ಫೆಬ್ರವರಿ 12ರಂದು ಉದ್ಘಾಟನೆ ನಡೆಯಿತು. 70,000 ಸೈನಿಕರ ನೆನಪಿಗೆ ಕಟ್ಟಿದ್ದರೂ ಹೆಸರು ಕೊರೆದಿರುವುದು 13,000ಕ್ಕೂ ಸ್ವಲ್ಪ ಹೆಚ್ಚು ಜನರದ್ದು. ಅವರಲ್ಲಿ ಬಹುಪಾಲು ಗಡಿಯಲ್ಲೋ ಗಡಿಯಾಚೆಯೋ ಸತ್ತು ಸಮಾಧಿ ಗೊತ್ತಿಲ್ಲದವರು. ಸಾವಿರಕ್ಕೂ ಹೆಚ್ಚು ಜನರ ಸಮಾಧಿ ಸಿಂಧೂ ನದಿಯ ಪಶ್ಚಿಮಕ್ಕೆ ಇದೆ. ಅಲ್ಲಿ ನಿರ್ವಹಣೆ ಸಾಧ್ಯವಿಲ್ಲವೆಂದು ಅವರ ಹೆಸರನ್ನೂ ಇಲ್ಲೇ ಕೊರೆಸಿದರು. ಮೇಲೆ ಹೇಳಿದ ಆಂಡ್ರ್ಯೂಸ್ ಬನ್ನುವಿನಲ್ಲಿ, ಕೆನಿ ಜಂಡೋಲಾದಲ್ಲಿ ಮಣ್ಣಾಗಿದ್ದಾರೆ, ಹೆಸರು ಇಬ್ಬರದೂ ದೆಹಲಿಯಲ್ಲಿದೆ. ಹಾಗಾಗಿ 'ಇಂಡಿಯಾ ಗೇಟ್' ಎಂದು ಬಂದ ಕೂಡಲೇ ಸಮಾಧಿಯೇ ಇಲ್ಲ ಎಂದು ತೀರ್ಮಾನಿಸಬೇಡಿ. ದಾಖಲೆಯ ಕೆಳಗೆ ಸ್ಕ್ಯಾನ್ ಮಾಡಿದ ಹಳೆಯ ಕಾಗದಗಳಿದ್ದರೆ ಒಂದೊಂದನ್ನೂ ತೆರೆದು ನೋಡಿ. ಟೈಪ್ ಮಾಡಿದ ಸಾಲಿನ ಪಕ್ಕದ ಕೈಬರಹದ ತಿದ್ದುಪಡಿಯಲ್ಲಿ ಪುಟದಲ್ಲಿಲ್ಲದ ವಿವರ ಇರುವುದುಂಟು.

ಸಮಾಧಿ ನಿಜವಾಗಿ ಇಲ್ಲದಿರಲು ಕಾರಣಗಳೂ ಇವೆ. ಹಿಂದೂ, ಸಿಖ್ ಸೈನಿಕರನ್ನು ಸಾಧ್ಯವಾದಲ್ಲಿ ದಹನ ಮಾಡುತ್ತಿದ್ದರು. ಅವರಿಗೆ ಕಲ್ಲು ಹುಡುಕುವುದೇ ತಪ್ಪು, ಹೆಸರು ಹುಡುಕಬೇಕು. ಹೂಳಿದವರ ವಿಷಯದಲ್ಲೂ ತೀರಾದಂಥ ಕಡೆ ಸೈನ್ಯ ಮುಂದೆ ಹೋಗುವಾಗ ಶವವನ್ನು ಅಗೆದು ತೆಗೆಯದಿರಲಿ ಎಂದು ಸಮಾಧಿಯ ಗುರುತೇ ಸಿಗದಂತೆ ನೆಲ ಸಮ ಮಾಡಿ ಬಿಡುತ್ತಿದ್ದರು.

ಹೆಸರೇ ಇಲ್ಲದವರ ಪ್ರಶ್ನೆ ಇನ್ನೂ ಭಾರವಾದದ್ದು. ಸಂಸ್ಥೆಯೇ ನೇಮಿಸಿದ ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಮೊದಲ ಮಹಾಯುದ್ಧದ 45,000ದಿಂದ 54,000 ಮಂದಿಯನ್ನು, ಅವರಲ್ಲಿ ಹೆಚ್ಚಿನವರು ಭಾರತ ಮತ್ತು ಆಫ್ರಿಕಾದವರು, ಸಮಾನವಾಗಿ ಸ್ಮರಿಸಲಿಲ್ಲ ಎಂದು ಅದು ಒಪ್ಪಿಕೊಂಡಿತು. ಇನ್ನೂ ಕನಿಷ್ಠ 1,16,000 ಮಂದಿ, ಬಹುಶಃ 3,50,000ದವರೆಗೆ, ಹೆಸರಿನಿಂದಾಗಲಿ ಬೇರೆ ರೀತಿಯಲ್ಲಾಗಲಿ ಸ್ಮರಣೆಯೇ ಪಡೆದಿಲ್ಲ ಎಂದೂ ಹೇಳಿತು. ತನ್ನ ತಪ್ಪನ್ನು ಅಂಕಿ ಸಮೇತ ಒಪ್ಪಿಕೊಂಡದ್ದಕ್ಕೆ ಸಂಸ್ಥೆಯನ್ನು ಗೌರವಿಸಬೇಕು. ನಾವು ಕಲಿಯಬೇಕಾದ್ದು ಒಂದೇ: ಈ ಪಟ್ಟಿಯಲ್ಲಿ ಇಲ್ಲದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಭಿಸ್ತಿ, ಧೋಬಿ, ಹೇಸರಗತ್ತೆ ಹೊಡೆಯುವವರು ಇಂಥವರ ವಿಷಯದಲ್ಲಿ ಇದು ಇನ್ನೂ ನಿಜ. ಇಂಡಿಯಾ ಮೆಡಲ್ ಮತ್ತು 1908ರ ಪದಕದ ಮೊದಲ ಎರಡು ಕ್ಲಾಸ್ಪ್‌ಗಳನ್ನು ಇವರಿಗೆ ಕಂಚಿನಲ್ಲಿ ಕೊಟ್ಟರು. ಕಂಚೆಂದು ಆ ಪದಕಗಳನ್ನು ಬದಿಗಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಸೇನೆಗೆ ನೀರು ಹೊತ್ತವನ ಹೆಸರು ಉಳಿದಿರುವ ಏಕೈಕ ಜಾಗ ಆ ಅಂಚೇ ಇರಬಹುದು.

ದಿನಾಂಕ ಹೊಂದದಿದ್ದಾಗ ಎಲ್ಲಿಗೆ ಹೋಗುವುದು? 1998ರಲ್ಲಿ ಶುರುವಾದ ಫಿಬಿಸ್, ಅಂದರೆ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಉಚಿತ ಕೋಶ ಮೊದಲನೆಯದು. ಸಮಾಧಿ ಬರಹಗಳಿಗೆ 1976ರಲ್ಲಿ ಹುಟ್ಟಿದ ಬಾಕ್ಸಾ, ಅಂದರೆ ದಕ್ಷಿಣ ಏಷ್ಯಾದ ಸ್ಮಶಾನಗಳ ಬ್ರಿಟಿಷ್ ಸಂಘ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಚರ್ಚ್ ರಿಜಿಸ್ಟರುಗಳಿವೆ: ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬಾಂಬೆ. ಬೆಂಗಳೂರು ದಂಡಿನ ಸಾವುಗಳು ಎನ್/2ರಲ್ಲಿ ಬರುತ್ತವೆ. ಫೈಂಡ್‌ಮೈಪಾಸ್ಟ್‌ನಲ್ಲಿ ಚಂದಾ ಕಟ್ಟಿದರೆ ಇವುಗಳ ಸ್ಕ್ಯಾನ್ ನೋಡಬಹುದು. ಇವು ಚರ್ಚಿನ ಪುಸ್ತಕಗಳಾದ್ದರಿಂದ ಹಿಂದೂ, ಮುಸ್ಲಿಂ, ಸಿಖ್ ಸಿಪಾಯಿಗಳು ಇವುಗಳಲ್ಲಿ ಇರುವುದಿಲ್ಲ. ಇದನ್ನು ತಿಳಿಯದೆ ಚಂದಾ ಕಟ್ಟಿ ಹಣ ಕಳೆದುಕೊಳ್ಳಬೇಡಿ. 1914ಕ್ಕೆ ಮುಂಚಿನ ಸಿಪಾಯಿಗೆ ಉಳಿದ ದಾರಿ ಪದಕದ ರೋಲುಗಳು, ಅಂದರೆ ಪದಕ ಪಡೆದವರ ಪಟ್ಟಿಗಳು: ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಸಂಗ್ರಹದಲ್ಲಿ ಡಬ್ಲ್ಯೂಒ 100, ಬ್ರಿಟಿಷ್ ಲೈಬ್ರರಿಯಲ್ಲಿ ಎಲ್/ಎಂಐಎಲ್/5. ಲೈಬ್ರರಿಯ ಮೇಲೆ 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಕ್ಯಾಟಲಾಗ್ ಬಹಳ ಕಾಲ ಕೆಟ್ಟಿತ್ತು. ಫೈಲ್ ನಂಬರನ್ನು ಬೇರೆ ಕಡೆಯಿಂದ ಖಚಿತಪಡಿಸಿಕೊಂಡು ಕೇಳುವುದು ಒಳ್ಳೆಯದು. ಪಂಜಾಬಿನವರಿಗೆ ಒಂದು ಭಾಗ್ಯವಿದೆ. ಲಾಹೋರ್ ಮ್ಯೂಸಿಯಮ್ಮಿನಲ್ಲಿದ್ದ ಮೊದಲ ಮಹಾಯುದ್ಧದ ಸುಮಾರು 3,20,000 ಸೈನಿಕರ ಊರುವಾರು ರಿಜಿಸ್ಟರುಗಳಲ್ಲಿ ಜಲಂಧರ್, ಲೂಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳವು 2021ರಲ್ಲಿ ಜಾಲಕ್ಕೆ ಬಂದವು. ಫೋಟೊ ಬೇಕಾದರೆ ಸ್ವಯಂಸೇವಕರ ವಾರ್ ಗ್ರೇವ್ಸ್ ಫೋಟೊಗ್ರಾಫಿಕ್ ಪ್ರಾಜೆಕ್ಟ್ ಸಣ್ಣ ಮೊತ್ತಕ್ಕೆ ಕಳಿಸುತ್ತದೆ.

ಯಾವ ಹುಡುಕಾಟವೂ ಅಂಚಿನ ಹೆಸರು ಅಸಲಿ ಆಗಿದ್ದರೆ ಮಾತ್ರ ಅರ್ಥಪೂರ್ಣ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ಡಿಜಿಟಲ್ ಕ್ಯಾಲಿಪರ್ ಸಾಕು. 1908ರ ಪದಕದ ವ್ಯಾಸ 36 ಮಿ.ಮೀ. ಹಳೆ ಹೆಸರನ್ನು ಅರದಿಂದ ಉಜ್ಜಿ ಹೊಸ ಹೆಸರು ಹಾಕಿದ್ದರೆ ವ್ಯಾಸ ಕಡಿಮೆಯಾಗಿರುತ್ತದೆ. ಮೇಲೆ ಹಿಡಿಕೆ ಇರುವುದರಿಂದ ಎಡದಿಂದ ಬಲಕ್ಕೆ ಒಮ್ಮೆ, ಓರೆಯಾಗಿ ಎರಡು ಸಲ ಅಳೆಯಿರಿ. ಮೂರೂ ಒಂದೇ ಬರಬೇಕು. ಆಮೇಲೆ ದೀಪದ ಕೆಳಗೆ ಅಂಚನ್ನು ನಿಧಾನವಾಗಿ ತಿರುಗಿಸಿ. ಅಕ್ಷರಗಳ ನಡುವೆ ಒಂದೇ ದಿಕ್ಕಿನ ನವಿರು ಗೀರುಗಳು, ಹಿಡಿಕೆಯ ಬುಡದಲ್ಲಿ ಮಾತ್ರ ಉಬ್ಬಿದಂತೆ ಉಳಿದ ಬೆಳ್ಳಿ ಕಂಡರೆ ಅರ ಬಿದ್ದಿದೆ ಎಂದರ್ಥ. ಅಕ್ಷರದ ಶೈಲಿಯೂ ಮಾತಾಡುತ್ತದೆ. ಮೊದಲ ಎರಡು, ಅಂದರೆ 1908 ಮತ್ತು ಅಬೋರ್ ಕ್ಲಾಸ್ಪ್‌ನ ಪದಕಗಳಲ್ಲಿ ಕೈಬರಹದಂಥ ಓಡುವ ಕೊರೆತ. 1919ರ ನಂತರದವುಗಳಲ್ಲಿ ಅಚ್ಚೊತ್ತಿದ ಬಿಡಿ ದಪ್ಪಕ್ಷರ. ಬರೀ ವಜೀರಿಸ್ತಾನ್ 1919-21 ಇರುವ ಪದಕದಲ್ಲಿ ಓಡುವ ಬರಹ ಕಂಡರೆ ಅನುಮಾನಿಸಿ. ಆದರೆ 1908ರ ಕ್ಲಾಸ್ಪ್ ಕೆಳಗಿದ್ದು ಅದರ ಮೇಲೆ 1919ರದ್ದು ಕೂತಿದ್ದರೆ ಅದೇ ಬರಹ ಸರಿಯಾದದ್ದೇ. ಪಾಲಿಷ್ ಮಾತ್ರ ಹಚ್ಚಬೇಡಿ. ಪ್ರತಿ ಸಲ ಉಜ್ಜಿದಾಗ ಹೆಸರು ಒಂದಿಷ್ಟು ಹೋಗುತ್ತದೆ. ಪಿವಿಸಿ ಕವರಿನಲ್ಲೂ ಇಡಬೇಡಿ, ಹಸಿರು ಅಂಟು ಹಿಡಿಯುತ್ತದೆ.

ಕರ್ನಾಟಕದ ನಂಟು ಬೇಕಾದವರು ಬೆಂಗಳೂರಿನಲ್ಲೇ ಶುರು ಮಾಡಬಹುದು. ಇಲ್ಲಿ ನೆಲೆಸಿದ ಮದ್ರಾಸ್ ಸ್ಯಾಪರ್ಸ್ ತೀರಾದಲ್ಲಿ ದುಡಿದವರು, ಬ್ರಿಗೇಡ್ ರಸ್ತೆಯ ಸ್ಮಾರಕ ಮದ್ರಾಸ್ ಪಯನೀರ್ ಪಲ್ಟನ್ನುಗಳದ್ದು. ಬೆಂಗಳೂರಿನ 4ನೇ ಹುಸಾರ್ಸ್‌ನಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ 1897ರಲ್ಲಿ ಮಲಕಂಡ್ ಸೇನೆ ಸೇರಲು ಹೊರಟದ್ದೂ ಇಲ್ಲಿಂದಲೇ. ಮೈಸೂರ್ ಲ್ಯಾನ್ಸರ್ಸ್ ಹೆಸರು ಮಾಡಿದ್ದು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ. ಅವರನ್ನು ಗಡಿಯ ಪಟ್ಟಿಯಲ್ಲಿ ಹುಡುಕಬೇಡಿ. ಇನ್ನೊಂದು ಎಚ್ಚರಿಕೆ: 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಕರಕುಶಲ ವಸ್ತುವನ್ನು ದೇಶದಾಚೆ ಕಳಿಸುವಂತಿಲ್ಲ. ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಹೊರದೇಶಕ್ಕೆ ಹಳೆಯ ಪದಕ ಮಾರುವ ಯೋಚನೆಯಿದ್ದರೆ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ.

ಅಂಕ ಕೊಡಲೇಬೇಕೆಂದರೆ, 1914ರಿಂದ 1921ರ ಗಡಿ ಸೈನಿಕರಿಗೆ ಐದಕ್ಕೆ ನಾಲ್ಕು. ಕಾಗುಣಿತದ ಗೋಜಲಿಗಾಗಿ ಒಂದು ಕಡಿತ. 1897 ಅಥವಾ 1935ರ ಸೈನಿಕನಿಗೆ ಅಂಕವೇ ಇಲ್ಲ, ಅದು ಈ ಸಂಸ್ಥೆಯ ಕೆಲಸವಲ್ಲ. ಹೆಸರು ಬಿಟ್ಟುಹೋಗಿರುವುದು ಖಚಿತವಾದರೆ ಸಂಸ್ಥೆಗೆ ಬರೆಯುವ ಅವಕಾಶವಿದೆ, ಹೊಸ ಹೆಸರುಗಳನ್ನು ಅವರು ಈಗಲೂ ಸೇರಿಸುತ್ತಾರೆ. ಬೇಕಾದ್ದು ಎರಡು ಪುರಾವೆ: ಆತ ಸೇವೆಯಲ್ಲಿದ್ದ ಎಂಬುದಕ್ಕೆ ಒಂದು, ಆ ದಿನಾಂಕಗಳೊಳಗೆ ಸತ್ತ ಎಂಬುದಕ್ಕೆ ಒಂದು. ಗುಂಡೇಟೇ ಆಗಬೇಕಿಲ್ಲ. ಸೇವೆಯಲ್ಲಿದ್ದಾಗ ಕಾಲರಾದಿಂದಲೋ 1918ರ ಇನ್‌ಫ್ಲುಯೆಂಜಾದಿಂದಲೋ ಗಡಿಯ ಠಾಣೆಯಲ್ಲಿ ಕಣ್ಣು ಮುಚ್ಚಿದವನಿಗೂ ಆ ಪಟ್ಟಿಯಲ್ಲಿ ಜಾಗವಿದೆ. ಪದಕದ ಅಂಚಿನ ಸ್ಪಷ್ಟ ಫೋಟೊ, ಪಲ್ಟನ್ನಿನ ಆಗಿನ ಸರಿಯಾದ ಹೆಸರು, ಮರಣದ ದಾಖಲೆಯ ಪ್ರತಿ ಇವಿಷ್ಟನ್ನು ಒಂದೇ ಪತ್ರದಲ್ಲಿ ಸೇರಿಸಿ ಕಳಿಸಿ.